ನಕ್ಷೆಯಲ್ಲಿ ಒಂದು ಚುಕ್ಕಿ ಇಡುವುದು ಎಂದರೇನು?

ಮೊದಲೆಲ್ಲ ನಕ್ಷೆಯಲ್ಲಿ ಗುರುತು ಹಾಕುವುದು ಸರ್ವೆಯವರ ಕೆಲಸವಾಗಿತ್ತು. ಈಗ ಕೈಯಲ್ಲಿ ಫೋನ್ ಇರುವ ಎಲ್ಲರೂ ಅದನ್ನು ಮಾಡುತ್ತಾರೆ. "ಲೊಕೇಶನ್ ಕಳಿಸಿ" ಎಂದು ಯಾರಾದರೂ ಕೇಳಿದರೆ ಒಂದು ಪಿನ್ ಒತ್ತಿ ಕಳಿಸಿಬಿಡುತ್ತೇವೆ. ಆಂಬುಲೆನ್ಸ್ ಕರೆಯುವಾಗ, ಪಾರ್ಸೆಲ್ ತರಿಸುವಾಗ, ಬೀದಿದೀಪ ಕೆಟ್ಟಿದೆ ಎಂದು ಆ್ಯಪ್‌ನಲ್ಲಿ ದೂರು ಕೊಡುವಾಗ ಹೋಗುವುದು ಇದೇ ಪಿನ್. ಸಮೀಕ್ಷೆಗೆ ಬರುವವರೂ ಎಷ್ಟೋ ಕಡೆ ಮೊದಲು ಜಾಗ ಗುರುತು ಮಾಡಿಕೊಂಡು, ಆಮೇಲೆ ಪ್ರಶ್ನೆ ಶುರುಮಾಡುತ್ತಾರೆ.

ಆ ಪಿನ್ ಕೆಲವು ಸಲ ಸರಿಯಾಗಿ ಬಾಗಿಲಿಗೇ ಕರೆತರುತ್ತದೆ. ಕೆಲವು ಸಲ ಕಟ್ಟಡದ ಹಿಂದಿನ ಗೋಡೆಯ ಎದುರು ತಂದು ನಿಲ್ಲಿಸುತ್ತದೆ. ಅಪರೂಪಕ್ಕೆ ಸಮುದ್ರದ ನಡುವೆಯೂ ತೋರಿಸುತ್ತದೆ. ಯಾಕೆ ಹೀಗಾಗುತ್ತದೆ ಎಂದು ತಿಳಿಯಬೇಕಾದರೆ ನಕ್ಷೆಯ ಮೇಲಿನ ಚುಕ್ಕಿ ಅಂದರೆ ಏನು, ಅದನ್ನು ಯಾರು, ಎಲ್ಲಿ, ಹೇಗೆ ಇಡುತ್ತಾರೆ ಎಂದು ನೋಡಬೇಕು. ಚುಕ್ಕಿ ತಾನಾಗಿ ಬಂದು ಕೂರುವುದಿಲ್ಲ. ಈ ಜಾಗಕ್ಕೆ ಇದೇ ಗುರುತು ಎಂದು ಒಬ್ಬ ಮನುಷ್ಯ ಅಥವಾ ಒಂದು ಪ್ರೋಗ್ರಾಂ ಮಾಡಿದ ತೀರ್ಮಾನ ಅದರ ಹಿಂದೆ ಇರುತ್ತದೆ. ಆ ತೀರ್ಮಾನ ಗೊತ್ತಿದ್ದರೆ ಮಾತ್ರ ಚುಕ್ಕಿಯನ್ನು ಎಷ್ಟು ನಂಬಬಹುದು ಎಂದು ಗೊತ್ತಾಗುತ್ತದೆ.

## ಚುಕ್ಕಿ, ಗೆರೆ, ಆವರಣ

ಜಾಗದ ಮಾಹಿತಿಯನ್ನು ಕಂಪ್ಯೂಟರ್‌ನಲ್ಲಿ ಕೂಡಿಟ್ಟು, ಅದಕ್ಕೆ ಪ್ರಶ್ನೆ ಕೇಳಿ ಉತ್ತರ ಪಡೆಯುವ ವ್ಯವಸ್ಥೆಗೆ ಭೌಗೋಳಿಕ ಮಾಹಿತಿ ವ್ಯವಸ್ಥೆ ಅಥವಾ ಜಿಐಎಸ್ ಎನ್ನುತ್ತಾರೆ. 1960ರ ದಶಕದಲ್ಲಿ ರೋಜರ್ ಟಾಮ್ಲಿನ್‌ಸನ್ ಅವರ ಮುಂದಾಳತ್ವದಲ್ಲಿ ಕೆನಡಾ ದೇಶ ತನ್ನ ಭೂಮಿಯ ಲೆಕ್ಕ ಹಿಡಿಯಲು ಇಂಥದ್ದೊಂದು ವ್ಯವಸ್ಥೆ ಕಟ್ಟಿತು. ಜಿಐಎಸ್ ಎಂಬ ಹೆಸರು ಬಳಕೆಗೆ ಬಂದದ್ದು ಆ ಕೆಲಸದಿಂದಲೇ.

ಇಂಥ ವ್ಯವಸ್ಥೆಯಲ್ಲಿ ಹೊರಗಿನ ಜಗತ್ತನ್ನು ಮುಖ್ಯವಾಗಿ ಮೂರು ಆಕಾರಗಳಲ್ಲಿ ಹಿಡಿದಿಡುತ್ತಾರೆ. ರಸ್ತೆ, ನದಿ, ಪೈಪ್‌ಲೈನ್ ಇವು ಗೆರೆಗಳು. ಕೆರೆ, ಹೊಲ, ಜಿಲ್ಲೆ ಇವು ಗಡಿ ಸುತ್ತುವರಿದ ಆವರಣಗಳು. ವಿದ್ಯುತ್ ಕಂಬ, ಕೊಳವೆಬಾವಿ, ಮರ, ಬಸ್ ನಿಲ್ದಾಣ, ಅಪಘಾತ ನಡೆದ ಜಾಗ ಇವು ಚುಕ್ಕಿಗಳು. ಗೆರೆ ಎಂದರೆ ಸಾಲಾಗಿ ಜೋಡಿಸಿದ ಬಿಂದುಗಳು, ಆವರಣ ಎಂದರೆ ಶುರುವಾದಲ್ಲಿಗೇ ಬಂದು ಸೇರುವ ಗೆರೆ. ಹಾಗಾಗಿ ಮೂರಕ್ಕೂ ಬುನಾದಿ ಬಿಂದುವೇ.

ಚುಕ್ಕಿಗೆ ಉದ್ದ, ಅಗಲ ಏನೂ ಇಲ್ಲ. ಪರದೆಯ ಮೇಲೆ ಅದು ದುಂಡಗೆ, ದಪ್ಪಗೆ ಕಾಣುವುದು ನಮ್ಮ ಕಣ್ಣಿಗೋಸ್ಕರ ಅಷ್ಟೇ. ನಕ್ಷೆಯನ್ನು ಎಷ್ಟೇ ಹತ್ತಿರಕ್ಕೆ ಎಳೆದರೂ ಕೆಂಪು ಪಿನ್ ಅಷ್ಟೇ ದೊಡ್ಡದಾಗಿರುತ್ತದೆ, ರಸ್ತೆ ಕಟ್ಟಡಗಳು ಮಾತ್ರ ದೊಡ್ಡದಾಗುತ್ತಾ ಹೋಗುತ್ತವೆ. ಗಮನಿಸಿದ್ದೀರಿ ಅಲ್ವಾ? ಪಿನ್‌ನ ಚೂಪಾದ ತುದಿ ತಾಗಿರುವಲ್ಲಿ ನಿಜವಾದ ಬಿಂದು ಇರುತ್ತದೆ. ಮೇಲಿನ ಚಿತ್ರಕ್ಕೂ ನೆಲದ ಅಳತೆಗೂ ಸಂಬಂಧವಿಲ್ಲ.

ಆದರೆ ಸುಮ್ನೆ ಒಂದು ಬಿಂದು ಇದ್ದರೆ ಏನೂ ಉಪಯೋಗವಿಲ್ಲ. ಗೋಡೆಗೆ ಒಂದು ಮೊಳೆ ಹೊಡೆದು, ಅದಕ್ಕೊಂದು ಚೀಟಿ ನೇತುಹಾಕಿದಂತೆ ಇದರ ರಚನೆ. ಎಲ್ಲಿದೆ ಎನ್ನುವುದನ್ನು ಮೊಳೆ ಹೇಳುತ್ತದೆ, ಏನಿದೆ ಎನ್ನುವುದನ್ನು ಚೀಟಿ ಹೇಳುತ್ತದೆ. ಕೊಳವೆಬಾವಿಯ ಚುಕ್ಕಿಯಾದರೆ ಚೀಟಿಯಲ್ಲಿ ಅದರ ಆಳ, ಕೊರೆದ ವರ್ಷ, ನೀರು ಪರೀಕ್ಷೆ ಮಾಡಿದ ದಿನ, ಈಗ ನೀರು ಬರುತ್ತಿದೆಯೋ ಇಲ್ಲವೋ ಎಂಬುದೆಲ್ಲ ಇರುತ್ತದೆ. ಕಂಪ್ಯೂಟರ್‌ನಲ್ಲಿ ಇದು ಒಂದು ಕೋಷ್ಟಕ. ಒಂದು ಚುಕ್ಕಿಗೆ ಒಂದು ಸಾಲು, ಒಂದು ಗುಣಕ್ಕೆ ಒಂದು ಕಾಲಂ. ಒಂದೇ ಜಾತಿಯ ಚುಕ್ಕಿಗಳನ್ನೆಲ್ಲ ಸೇರಿಸಿ ಒಂದು ಪದರ ಮಾಡುತ್ತಾರೆ, ಅದಕ್ಕೆ ಲೇಯರ್ ಎನ್ನುತ್ತಾರೆ. ಕೊಳವೆಬಾವಿಗಳದ್ದು ಒಂದು ಲೇಯರ್, ಶಾಲೆಗಳದ್ದು ಇನ್ನೊಂದು. ಬೇಕಾದಾಗ ಒಂದರ ಮೇಲೊಂದು ಇಟ್ಟು ನೋಡಬಹುದು.

ಜಿಐಎಸ್ ಬಲ್ಲವರು "ಚೀಟಿ"ಯ ಕಡೆಗೇ ಜಾಸ್ತಿ ಗಮನ ಕೊಡುತ್ತಾರೆ. ಅದು ಸರಿಯೇ. ಐದು ವರ್ಷದ ಹಿಂದೆ ಬತ್ತಿದ ಬಾವಿಯನ್ನು "ನೀರಿದೆ" ಎಂದು ತೋರಿಸುವ ಚುಕ್ಕಿ ಜಾಗ ಎಷ್ಟೇ ಸರಿಯಾಗಿ ಹೇಳಿದರೂ ಸುಳ್ಳು ಚುಕ್ಕಿಯೇ.

## ಯಾವುದು ಚುಕ್ಕಿಯಾಗಬೇಕು?

ಇದು ವಸ್ತುವಿನ ಮೇಲೆ ನಿಂತಿಲ್ಲ, ನಾವು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ. ಪ್ರಪಂಚದ ನಕ್ಷೆಯಲ್ಲಿ ಟೋಕಿಯೋ ಒಂದು ಚುಕ್ಕಿ. ಅದೇ ಟೋಕಿಯೋ ನಗರದ ನಕ್ಷೆ ತೆಗೆದರೆ ಪುಟವೆಲ್ಲ ಅದೇ. ದೊಡ್ಡ ಆಸ್ಪತ್ರೆಯೊಂದು ಊರಿನ ನಕ್ಷೆಯಲ್ಲಿ ಚುಕ್ಕಿಯಾಗಿದ್ದರೆ ಸಾಕು. ಆಸ್ಪತ್ರೆಯ ಒಳಗಿನ ಪೈಪು, ಬಾಗಿಲು, ಪಾರ್ಕಿಂಗ್ ನೋಡಿಕೊಳ್ಳುವವರಿಗೆ ಅದೇ ಆಸ್ಪತ್ರೆ ಆವರಣವಾಗಿಯೇ ಬೇಕು.

ಚುಕ್ಕಿ ಆರಿಸಿಕೊಳ್ಳುವುದರಲ್ಲಿ ಅನುಕೂಲಗಳಿವೆ. ಎರಡೇ ಸಂಖ್ಯೆಗಳಲ್ಲಿ ಕೆಲಸ ಮುಗಿಯುತ್ತದೆ, ಒಬ್ಬರೇ ನಿಂತಲ್ಲೇ ದಾಖಲಿಸಬಹುದು, ಗಡಿ ಅಳೆಯುವ ತಲೆನೋವಿಲ್ಲ. ಆದರೆ ಆ ಕ್ಷಣದಲ್ಲೇ ವಸ್ತುವಿನ ಗಾತ್ರ, ಆಕಾರ, ಮುಖ ಯಾವ ಕಡೆ ಎನ್ನುವುದೆಲ್ಲ ಬಿಟ್ಟುಹೋಗುತ್ತದೆ.

ಇಲ್ಲಿಂದಲೇ ಮುಂದಿನ ಪ್ರಶ್ನೆ ಹುಟ್ಟುತ್ತದೆ. ದೊಡ್ಡ ಜಾಗವನ್ನು ಒಂದೇ ಬಿಂದುವಿಗೆ ಇಳಿಸುವಾಗ ಆ ಬಿಂದುವನ್ನು ಎಲ್ಲಿಡಬೇಕು? ಸಾಮಾನ್ಯವಾಗಿ ಸಾಫ್ಟ್‌ವೇರ್ ಆವರಣದ ಕೇಂದ್ರಬಿಂದುವನ್ನು ಲೆಕ್ಕಹಾಕಿ ಅಲ್ಲಿಡುತ್ತದೆ. ಚೌಕದ ಕಟ್ಟಡಕ್ಕೆ ಇದು ಸರಿಹೋಗುತ್ತದೆ. ಮೂರು ಕಡೆ ಕಟ್ಟಡ, ನಡುವೆ ಅಂಗಳ, ನಾಲ್ಕನೇ ಕಡೆ ಖಾಲಿ ಇದ್ದರೆ ಕೇಂದ್ರಬಿಂದು ಅಂಗಳದಲ್ಲಿ, ಅಂದರೆ ಕಟ್ಟಡದ ಹೊರಗೇ ಬೀಳುತ್ತದೆ. ಬಾಗಿದ ಕೆರೆಯ ಕೇಂದ್ರ ಒಣ ನೆಲದ ಮೇಲೆ ಬರಬಹುದು. ಅದಕ್ಕಾಗಿಯೇ ಹೆಚ್ಚಿನ ಜಿಐಎಸ್ ಸಾಫ್ಟ್‌ವೇರ್‌ಗಳಲ್ಲಿ "ಆವರಣದ ಒಳಗೇ ಬೀಳುವ ಬಿಂದು" ಕೊಡುವ ಬೇರೆ ಆಯ್ಕೆ ಇರುತ್ತದೆ. ಹೆಸರು ಬರೆಯುವುದಕ್ಕೆ ಜಾಗ ಹುಡುಕುವಾಗ ಬಳಸುವುದು ಅದನ್ನೇ.

ಮನುಷ್ಯರು ಹುಡುಕಿಕೊಂಡು ಹೋಗುವ ಜಾಗಕ್ಕೆ ಇದೂ ಸಾಲದು. ಆಂಬುಲೆನ್ಸ್ ಚಾಲಕರಿಗೆ ಆಸ್ಪತ್ರೆಯ ಕೇಂದ್ರಬಿಂದುವಿನಿಂದ ಏನೂ ಆಗಬೇಕಾಗಿಲ್ಲ, ತುರ್ತು ಚಿಕಿತ್ಸೆಯ ಗೇಟು ಬೇಕು. ದಾರಿ ತೋರಿಸುವ ಆ್ಯಪ್ ಪಿನ್‌ಗೆ ಹತ್ತಿರದ ರಸ್ತೆ ಯಾವುದೆಂದು ಹುಡುಕಿ, ಅಲ್ಲಿಗೆ ಕರೆದೊಯ್ಯುತ್ತದೆ. ಪಿನ್ ಕಟ್ಟಡದ ನಡುವಿದ್ದು, ಹಿಂದಿನ ರಸ್ತೆ ಮುಂದಿನ ರಸ್ತೆಗಿಂತ ಎರಡು ಮೀಟರ್ ಹತ್ತಿರವಿದ್ದರೆ ಸಾಕು, ಗಾಡಿ ಹಿಂದಿನ ಗೋಡೆಯ ಮುಂದೆ ನಿಲ್ಲುತ್ತದೆ. ಶುರುವಿನಲ್ಲಿ ಹೇಳಿದ ಗೋಡೆಯ ಗೋಳಿಗೆ ಒಂದು ದೊಡ್ಡ ಕಾರಣ ಇದೇ. ಜನರೇ ಸೇರಿ ಕಟ್ಟುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕಟ್ಟಡದ ಗಡಿಯ ಮೇಲೆ ಬಾಗಿಲಿಗೇ ಒಂದು ಪ್ರತ್ಯೇಕ ಬಿಂದು ಇಟ್ಟು, ಅದು ಮುಖ್ಯ ಬಾಗಿಲೋ, ತುರ್ತು ಬಾಗಿಲೋ ಎಂದು ಬರೆಯುವ ಪದ್ಧತಿ ಇದೆ. ಸಣ್ಣ ಕೆಲಸ, ಆದರೆ ಬೆಲೆಬಾಳುವಂಥದ್ದು. ನೀವೂ ಲೊಕೇಶನ್ ಕಳಿಸುವಾಗ ಪಿನ್ ಅನ್ನು ಕೈಯಿಂದ ಎಳೆದು ಗೇಟಿನ ಮೇಲೆ ಇಟ್ಟರೆ ಬರುವವರಿಗೆ ಸುತ್ತಾಟ ತಪ್ಪುತ್ತದೆ.

## ಎರಡು ಸಂಖ್ಯೆಗಳ ಒಳಗೆ

ಬಿಂದುವಿನ ಜಾಗವನ್ನು ಎರಡು ಸಂಖ್ಯೆಗಳು ಹೇಳುತ್ತವೆ. ಭೂಮಧ್ಯರೇಖೆಯಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಡಿಗ್ರಿ ಎನ್ನುವುದು ಅಕ್ಷಾಂಶ. ಲಂಡನ್ನಿನ ಗ್ರೀನಿಚ್ ಪಕ್ಕದಲ್ಲಿ ಹಾದುಹೋಗುವ ಸೊನ್ನೆ ರೇಖೆಯಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ಡಿಗ್ರಿ ಎನ್ನುವುದು ರೇಖಾಂಶ. ದಕ್ಷಿಣ ಮತ್ತು ಪಶ್ಚಿಮಕ್ಕೆ ಮೈನಸ್ ಗುರುತು ಹಾಕುತ್ತಾರೆ. ಎತ್ತರವೂ ಬೇಕಾದಾಗ ಮೂರನೇ ಸಂಖ್ಯೆ ಸೇರುತ್ತದೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಲಂಡನ್ನಿನ ಸೋಹೋ ಬಡಾವಣೆಯಲ್ಲಿ, ಹಿಂದೆ ಬ್ರಾಡ್ ಸ್ಟ್ರೀಟ್ ಎನ್ನುತ್ತಿದ್ದ ಬೀದಿಯಲ್ಲಿ ಒಂದು ಹಳೆಯ ನೀರಿನ ಪಂಪು ಇತ್ತು. ಅದರ ಕಥೆಗೆ ಆಮೇಲೆ ಬರುತ್ತೇನೆ. ಅದರ ಜಾಗ ಹೆಚ್ಚುಕಡಿಮೆ 51.513, -0.137. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ.

ಇದರಲ್ಲಿ ಮೈನಸ್ ಗುರುತು ಬಿಟ್ಟುಹೋಯಿತು ಎಂದುಕೊಳ್ಳಿ. ಪಂಪು ಸುಮಾರು 19 ಕಿಲೋಮೀಟರ್ ಪೂರ್ವಕ್ಕೆ ಹಾರುತ್ತದೆ. ಎರಡು ಸಂಖ್ಯೆಗಳು ಅದಲುಬದಲಾದರೆ ಅದು ಸೊಮಾಲಿಯಾದ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿ ಮುಳುಗುತ್ತದೆ. ಈ ಅದಲುಬದಲು ತುಂಬಾ ಸಾಮಾನ್ಯ. ಮಾತಿನಲ್ಲಿ ನಾವು ಅಕ್ಷಾಂಶ ಮೊದಲು ಹೇಳುತ್ತೇವೆ, ಗೂಗಲ್ ಮ್ಯಾಪ್ಸ್ ಕೂಡ ಹಾಗೇ ತೋರಿಸುತ್ತದೆ. ಆದರೆ ವೆಬ್ ನಕ್ಷೆಗಳಲ್ಲಿ ತುಂಬಾ ಬಳಸುವ ಜಿಯೋಜೇಸನ್ ಎಂಬ ಕಡತದ ಮಾದರಿಯಲ್ಲಿ ರೇಖಾಂಶವೇ ಮೊದಲು. ಅಡ್ಡ ಅಳತೆ ಮೊದಲು, ಉದ್ದ ಅಳತೆ ಆಮೇಲೆ ಎಂಬ ಗಣಿತದ ರೂಢಿಯನ್ನು ಅದು ಹಿಡಿದಿದೆ. ಎರಡೂ ಪದ್ಧತಿ ಸರಿಯೇ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎಚ್ಚರ ತಪ್ಪಿದರೆ ಕೆಟ್ಟಿತು.

ಇನ್ನೊಂದು ಎಡವಟ್ಟು ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹಳೆಯ ದಾಖಲೆಗಳಲ್ಲಿ ಅದೇ ಅಕ್ಷಾಂಶವನ್ನು 51 ಡಿಗ್ರಿ, 30 ನಿಮಿಷ, 48 ಸೆಕೆಂಡ್ ಎಂದು ಬರೆದಿರುತ್ತಾರೆ. ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡ್. ಅದನ್ನು ನೋಡಿ ಯಾರಾದರೂ 51.3048 ಎಂದು ಟೈಪ್ ಮಾಡಿದರೆ ಬಿಂದು ಸುಮಾರು 23 ಕಿಲೋಮೀಟರ್ ದಕ್ಷಿಣಕ್ಕೆ ಜಾರುತ್ತದೆ. ಸಮುದ್ರದಲ್ಲಿ ಬಿದ್ದ ಚುಕ್ಕಿಯನ್ನು ಯಾರಾದರೂ ಕಂಡುಹಿಡಿಯುತ್ತಾರೆ. ನೆಲದ ಮೇಲೇ, ಅದೇ ಪ್ರಾಂತ್ಯದಲ್ಲೇ ತಪ್ಪಾಗಿ ಕೂತ ಚುಕ್ಕಿ ವರ್ಷಗಟ್ಟಲೆ ಹಾಗೇ ಉಳಿಯಬಹುದು. ನನ್ನ ಪ್ರಕಾರ ಅಪಾಯಕಾರಿ ತಪ್ಪು ಇದೇ.

ಕೆಲವು ಸಲ ಜಾಗವೇ ಗೊತ್ತಿಲ್ಲದೆ ಖಾಲಿ ಬಿಟ್ಟ ಕಾಲಂ ಅನ್ನು ಪ್ರೋಗ್ರಾಂ ಸೊನ್ನೆ ಎಂದು ಓದಿಕೊಳ್ಳುತ್ತದೆ. ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶ ಎಂದರೆ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿರುವ ಒಂದು ಜಾಗ. ಅಲ್ಲಿ ನೆಲವಿಲ್ಲ. ಹವಾಮಾನ ಅಳೆಯಲು ಅಲ್ಲಿ ಹಿಂದೆ ಒಂದು ತೇಲುವ ಬೋಯ್ ಇಟ್ಟಿದ್ದರು, ಅಷ್ಟೇ. ದಿಕ್ಕಿಲ್ಲದ ಚುಕ್ಕಿಗಳೆಲ್ಲ ಅಲ್ಲಿಗೇ ಬಂದು ಬೀಳುವುದರಿಂದ ನಕ್ಷೆಯವರು ಆ ಜಾಗಕ್ಕೆ "ನಲ್ ಐಲ್ಯಾಂಡ್" ಎಂದು ಹೆಸರಿಟ್ಟಿದ್ದಾರೆ. ನಿಮ್ಮ ಮಾಹಿತಿಯನ್ನು ನಕ್ಷೆಗೆ ಹಾಕಿದಾಗ ಆಫ್ರಿಕಾದ ಪಕ್ಕದ ನೀರಿನಲ್ಲಿ ಚುಕ್ಕಿಗಳು ಗುಂಪುಗೂಡಿದ್ದರೆ, ಅಷ್ಟು ಸಾಲುಗಳಲ್ಲಿ ಜಾಗವೇ ಭರ್ತಿಯಾಗಿಲ್ಲ ಎಂದು ತಿಳಿಯಿರಿ.

## ದಶಮಾಂಶಗಳ ಲೆಕ್ಕ

ಅಕ್ಷಾಂಶದ ಒಂದು ಡಿಗ್ರಿ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಹಾಗಾಗಿ ಮೂರನೇ ದಶಮಾಂಶದ ಒಂದು ಅಂಕಿ ಎಂದರೆ ಸುಮಾರು 111 ಮೀಟರ್. ನಾಲ್ಕನೆಯದು 11 ಮೀಟರ್, ಐದನೆಯದು ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಆರನೆಯದು 11 ಸೆಂಟಿಮೀಟರ್. ರೇಖಾಂಶದ ಲೆಕ್ಕ ಎಲ್ಲ ಕಡೆ ಒಂದೇ ಅಲ್ಲ. ರೇಖಾಂಶಗಳು ಧ್ರುವಗಳಲ್ಲಿ ಒಂದಾಗಿ ಸೇರುವುದರಿಂದ ಮೇಲೆ ಹೋದಹಾಗೆ ಅವುಗಳ ನಡುವಿನ ದೂರ ಕಡಿಮೆಯಾಗುತ್ತದೆ. ಭೂಮಧ್ಯರೇಖೆಯಲ್ಲಿ 111 ಕಿಲೋಮೀಟರ್ ಇರುವ ಒಂದು ಡಿಗ್ರಿ ಲಂಡನ್ನಿನಲ್ಲಿ ಸುಮಾರು 69 ಕಿಲೋಮೀಟರ್.

ಫೋನು ಕೊಡುವ ಸಂಖ್ಯೆಯಲ್ಲಿ ದಶಮಾಂಶದ ಆಚೆ ಹತ್ತು ಹದಿನೈದು ಅಂಕಿಗಳಿರಬಹುದು. ಅದನ್ನು ನೋಡಿ ಜಾಗ ಅಷ್ಟು ಕರಾರುವಾಕ್ಕಾಗಿದೆ ಎಂದು ಭಾವಿಸಬೇಡಿ. ಕಂಪ್ಯೂಟರ್ ಸಂಖ್ಯೆಯನ್ನು ಹಾಗೆ ಬರೆಯುತ್ತದೆ, ಅಷ್ಟೇ. ಒಳ್ಳೆಯ ಫೋನಿನ ಜಿಪಿಎಸ್, ಅಂದರೆ ಉಪಗ್ರಹಗಳ ಸಂಕೇತದಿಂದ ದೂರ ಅಳೆದು ಜಾಗ ಕಂಡುಹಿಡಿಯುವ ವ್ಯವಸ್ಥೆ, ಬಯಲಿನಲ್ಲಿ, ಆಕಾಶ ಪೂರ್ತಿ ಕಾಣುವಾಗ, ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತದೆ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು ತಿರುಗಿ ಬರುವುದರಿಂದ ಅದು ನಡೆದ ದೂರ ಹೆಚ್ಚಾಗುತ್ತದೆ, ಲೆಕ್ಕ ತಪ್ಪುತ್ತದೆ. ಮನೆಯೊಳಗೆ ಇನ್ನೂ ಹೆಚ್ಚು ತಪ್ಪುತ್ತದೆ. ಆರನೇ ದಶಮಾಂಶದ ನಂತರದ್ದೆಲ್ಲ ಅಲ್ಲಿ ಬರೀ ಅಂಕಿ. ಸರ್ವೆಗೆ ಬಳಸುವ ಉಪಕರಣಗಳು, ಜಾಗ ಪಕ್ಕಾ ಗೊತ್ತಿರುವ ನಿಲ್ದಾಣವೊಂದರಿಂದ ತಿದ್ದುಪಡಿ ಪಡೆದು, ಒಂದೆರಡು ಸೆಂಟಿಮೀಟರ್‌ವರೆಗೂ ಹೋಗುತ್ತವೆ.

ಇಷ್ಟಾದರೂ ಇದು ದೊಡ್ಡ ಮುನ್ನಡೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ತಪ್ಪು ಸೇರಿಸುತ್ತಿತ್ತು. ಜಾಗ 100 ಮೀಟರ್‌ವರೆಗೂ ಆಚೀಚೆ ಆಗುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆಯೇ ಗಾಡಿಗೆ ದಾರಿ ತೋರಿಸುವುದು, ಪಿನ್ ಕಳಿಸುವುದು ಜನಬಳಕೆಗೆ ಬಂದದ್ದು.

ನಕ್ಷೆಯ ಆ್ಯಪ್‌ನಲ್ಲಿ ನಿಮ್ಮ ನೀಲಿ ಚುಕ್ಕಿಯ ಸುತ್ತ ತಿಳಿ ನೀಲಿ ವೃತ್ತವೊಂದು ಕಾಣುತ್ತದೆ ಅಲ್ವಾ? ನೀವು ಬಹುಶಃ ಇದರೊಳಗೆ ಎಲ್ಲೋ ಇದ್ದೀರಿ ಎಂದು ಅದು ಹೇಳುತ್ತಿದೆ. ಆ ವೃತ್ತ ಚುಕ್ಕಿಗಿಂತ ಪ್ರಾಮಾಣಿಕ. ತೊಂದರೆ ಏನೆಂದರೆ, ಲೊಕೇಶನ್ ಇನ್ನೊಬ್ಬರಿಗೆ ಹೋಗುವಾಗ ಹೆಚ್ಚಿನ ಸಲ ಚುಕ್ಕಿ ಹೋಗುತ್ತದೆ, ವೃತ್ತ ಇಲ್ಲೇ ಉಳಿಯುತ್ತದೆ.

## ಸೊನ್ನೆ ಎಲ್ಲಿಂದ?

ಒಂದೇ ಜಾಗಕ್ಕೆ ಎರಡು ಬೇರೆ ಬೇರೆ ಅಕ್ಷಾಂಶ, ರೇಖಾಂಶ ಇರಬಹುದೇ? ಇರಬಹುದು. ಭೂಮಿ ಪೂರ್ತಿ ದುಂಡಗಿಲ್ಲ. ಅದರ ಆಕಾರಕ್ಕೆ ಹೊಂದುವ ಒಂದು ಗಣಿತದ ಮಾದರಿ ಇಟ್ಟುಕೊಂಡು, ಅದರ ಮೇಲೆ ಡಿಗ್ರಿಗಳನ್ನು ಎಣಿಸುತ್ತಾರೆ. ಬೇರೆ ಬೇರೆ ದೇಶಗಳು ಹಿಂದೆ ತಮ್ಮ ನೆಲಕ್ಕೆ ಚೆನ್ನಾಗಿ ಹೊಂದುವ ಬೇರೆ ಬೇರೆ ಮಾದರಿ ಇಟ್ಟುಕೊಂಡಿದ್ದವು. ಜಿಪಿಎಸ್ ಬಳಸುವುದು ಇಡೀ ಭೂಮಿಗೆ ಒಂದೇ ಆದ ಡಬ್ಲ್ಯುಜಿಎಸ್ 84 ಎಂಬ ಮಾದರಿ. ಹಳೆಯ ನಕ್ಷೆಯ ಸಂಖ್ಯೆಗಳನ್ನು ಪರಿವರ್ತಿಸದೆ ಹಾಗೇ ಇದರಲ್ಲಿ ಹಾಕಿದರೆ ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಹತ್ತಾರು, ಕೆಲವು ಕಡೆ ನೂರಾರು ಮೀಟರ್ ಸರಿಯುತ್ತವೆ.

ಗ್ರೀನಿಚ್‌ನ ವೀಕ್ಷಣಾಲಯದಲ್ಲಿ ನೆಲದ ಮೇಲೆ ಲೋಹದ ಪಟ್ಟಿ ಹಾಕಿ ಸೊನ್ನೆ ರೇಖಾಂಶ ತೋರಿಸಿದ್ದಾರೆ. ಅಲ್ಲಿ ನಿಂತು ಫೋನ್ ತೆಗೆದರೆ ಸೊನ್ನೆ ಬರುವುದಿಲ್ಲ. ಜಿಪಿಎಸ್‌ನ ಸೊನ್ನೆ ಸುಮಾರು 102 ಮೀಟರ್ ಪೂರ್ವಕ್ಕೆ, ಪಕ್ಕದ ಪಾರ್ಕಿನಲ್ಲಿದೆ.

ನೆಲವೂ ಸುಮ್ಮನಿರುವುದಿಲ್ಲ. ಆಸ್ಟ್ರೇಲಿಯಾ ಖಂಡ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. 1994ರಲ್ಲಿ ಗಟ್ಟಿ ಮಾಡಿದ ಸಂಖ್ಯೆಗಳು ಹೀಗೆ ಹಳೆಯದಾಗಿ, 2020ಕ್ಕೆ ಲೆಕ್ಕ ಹಿಡಿದು ಮಾಡಿದ ಹೊಸ ಪದ್ಧತಿಯಲ್ಲಿ ದೇಶದ ಬಿಂದುಗಳೆಲ್ಲ ಸುಮಾರು 1.8 ಮೀಟರ್ ಸರಿದವು. ಮನೆ ಹುಡುಕುವವರಿಗೆ ಇದು ಏನೂ ಅಲ್ಲ. ತಾನಾಗಿ ಓಡುವ ಟ್ರ್ಯಾಕ್ಟರ್‌ಗೆ 1.8 ಮೀಟರ್ ಎಂದರೆ ಬೆಳೆಯ ಸಾಲೇ ತಪ್ಪಿಹೋಗುತ್ತದೆ.

## ವಿಳಾಸದಿಂದ ಹುಟ್ಟುವ ಚುಕ್ಕಿ

ಎಲ್ಲ ಚುಕ್ಕಿಗಳೂ ಜಿಪಿಎಸ್‌ನಿಂದ ಬರುವುದಿಲ್ಲ. ಎಷ್ಟೋ ಚುಕ್ಕಿಗಳು ವಿಳಾಸವನ್ನು ಓದಿ ಜಾಗ ಊಹಿಸುವ ಪ್ರೋಗ್ರಾಂಗಳಿಂದ ಬರುತ್ತವೆ. ಇದಕ್ಕೆ ಜಿಯೋಕೋಡಿಂಗ್ ಎನ್ನುತ್ತಾರೆ. ಮನೆಯ ಜಾಗವೇ ದಾಖಲೆಯಲ್ಲಿದ್ದರೆ ಚುಕ್ಕಿ ಛಾವಣಿಯ ಮೇಲೆ ಬೀಳುತ್ತದೆ. ಇಲ್ಲದಿದ್ದರೆ ಬೀದಿಯ ಆ ತುದಿ 1, ಈ ತುದಿ 100 ಎಂದು ಗೊತ್ತಿರುವುದರಿಂದ 50ನೇ ಮನೆ ನಡುವೆ ಇರಬೇಕು ಎಂದು ಲೆಕ್ಕ ಹಾಕುತ್ತದೆ. ಬೀದಿಯೂ ಸಿಗದಿದ್ದರೆ ಅಂಚೆ ವಲಯದ ನಡುವೆ ಇಡುತ್ತದೆ. ಅದೂ ಇಲ್ಲದಿದ್ದರೆ ಊರಿನ ನಡುವೆ. ನಾಲ್ಕು ಸಲವೂ ಪರದೆಯ ಮೇಲೆ ಕಾಣುವುದು ಒಂದೇ ಬಣ್ಣದ, ಒಂದೇ ಗಾತ್ರದ ಪಿನ್.

ಇದರಿಂದ ಎಂಥ ಅನಾಹುತ ಆಗಬಹುದು ಎನ್ನುವುದಕ್ಕೆ ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ತೋಟದ ಮನೆಯ ಕಥೆ ಇದೆ. ಇಂಟರ್‌ನೆಟ್‌ಗೆ ಸೇರಿದ ಯಂತ್ರಗಳಿಗೆ ಐಪಿ ಅಡ್ರೆಸ್ ಎಂಬ ಸಂಖ್ಯೆ ಇರುತ್ತದೆ. ಆ ಸಂಖ್ಯೆ ನೋಡಿ ಯಂತ್ರ ಎಲ್ಲಿದೆ ಎಂದು ಹೇಳುವ ಕಂಪನಿಯೊಂದು, "ಅಮೆರಿಕದಲ್ಲಿದೆ, ಇನ್ನೇನೂ ಗೊತ್ತಿಲ್ಲ" ಎನ್ನುವಂಥ ಎಲ್ಲ ಸಂಖ್ಯೆಗಳಿಗೂ ದೇಶದ ನಡುವಿನ ಒಂದು ಬಿಂದು ಕೊಟ್ಟಿತ್ತು. ದೇಶದ ನಿಜವಾದ ನಡುಬಿಂದುವಿನ ಸಂಖ್ಯೆಗಳು ಉದ್ದವಾಗಿದ್ದವು. ಸರಳವಾಗಿರಲಿ ಎಂದು 38, -97 ಎಂದು ಇಟ್ಟರು. ಆ ಬಿಂದು ಬಿದ್ದದ್ದು ಒಂದು ತೋಟದ ಮನೆಯ ಹತ್ತಿರ. ಕೋಟಿಗಟ್ಟಲೆ ಐಪಿ ಅಡ್ರೆಸ್‌ಗಳು ಆ ಮನೆಗೆ ಅಂಟಿಕೊಂಡವು. ಮೋಸ ಹೋದವರು, ಕದ್ದ ಫೋನ್ ಹುಡುಕುವವರು, ಪೊಲೀಸರು, ತೆರಿಗೆಯವರು ವರ್ಷಗಟ್ಟಲೆ ಅಲ್ಲಿಗೆ ಹುಡುಕಿಕೊಂಡು ಬಂದರು. ಮನೆಯಲ್ಲಿದ್ದವರಿಗೆ ಯಾಕೆಂದೇ ಗೊತ್ತಿರಲಿಲ್ಲ. 2016ರಲ್ಲಿ ಸುದ್ದಿತಾಣವೊಂದರ ವರದಿಯಿಂದ ಕಾರಣ ಹೊರಬಿತ್ತು. ಕಂಪನಿ ಆಮೇಲೆ ಆ ಬಿಂದುವನ್ನು ಒಂದು ಸರೋವರದ ನೀರಿಗೆ ಸರಿಸಿತು.

ಆ ಬಿಂದುವಿನ ಅರ್ಥ "ದೇಶದೊಳಗೆ ಎಲ್ಲೋ" ಎಂದಷ್ಟೇ ಆಗಿತ್ತು. ಓದಿದವರು "ಈ ಮನೆ" ಎಂದು ಓದಿದರು. ಸಾವಿರಾರು ಕಿಲೋಮೀಟರ್ ಅಗಲದ ಅನುಮಾನವೊಂದು ಚುಕ್ಕಿಯ ರೂಪದಲ್ಲಿ ಕೂತು ಒಂದು ಕುಟುಂಬದ ನೆಮ್ಮದಿ ಕೆಡಿಸಿತು.

## ಚುಕ್ಕಿಗಳು ಒಟ್ಟು ಸೇರಿದಾಗ

ಈಗ ಆ ಪಂಪಿನ ಕಥೆ. 1854ರ ಆಗಸ್ಟ್ ಕೊನೆಯಲ್ಲಿ ಸೋಹೋದಲ್ಲಿ ಕಾಲರಾ ಎದ್ದಿತು. 600ಕ್ಕೂ ಹೆಚ್ಚು ಜನ ಸತ್ತರು. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಹೆಚ್ಚಿನವರು ನಂಬಿದ್ದ ಕಾಲ ಅದು. ನೀರಿನಿಂದ ಬರುತ್ತದೆ ಎಂದು ವಾದಿಸುತ್ತಿದ್ದ ವೈದ್ಯ ಜಾನ್ ಸ್ನೋ, ಸತ್ತವರ ವಿಳಾಸಗಳನ್ನು ಹಿಡಿದು ಬೀದಿ ಬೀದಿ ವಿಚಾರಿಸಿದರು. ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತಲೇ ಸಾವು ಹೆಚ್ಚು ಎಂದು ಅವರು ತೋರಿಸಿದ ಮೇಲೆ ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿ ತೆಗೆಸಲಾಯಿತು. ರೋಗ ಅಷ್ಟರಲ್ಲಾಗಲೇ ಇಳಿಯುತ್ತಿತ್ತು ಎಂದು ಸ್ನೋ ಅವರೇ ಒಪ್ಪಿಕೊಂಡಿದ್ದಾರೆ. ಹೆಸರಾದ ಆ ನಕ್ಷೆಯನ್ನು ಬರೆದದ್ದು ಅದಾದ ಮೇಲೆ.

ಆ ನಕ್ಷೆಯಲ್ಲಿ ಕಲಿಯುವುದು ಬಹಳ ಇದೆ. ಒಂದೇ ಮನೆಯಲ್ಲಿ ಐದು ಜನ ಸತ್ತರೆ ಐದು ಚುಕ್ಕಿಗಳು ಒಂದರ ಮೇಲೊಂದು ಬಿದ್ದು ಒಂದೇ ಆಗಿ ಕಾಣುತ್ತವೆ. ಸ್ನೋ ಹಾಗೆ ಮಾಡಲಿಲ್ಲ. ಒಂದು ಸಾವಿಗೆ ಒಂದು ಸಣ್ಣ ಕಪ್ಪು ಪಟ್ಟಿ ಎಂದು ಮನೆಯ ಮುಂದೆ ಪೇರಿಸಿ ಇಟ್ಟರು. ಇವತ್ತಿಗೂ ನಕ್ಷೆಯ ಮೇಲೆ ಚುಕ್ಕಿ ನೋಡುವಾಗ ಕೇಳಬೇಕಾದ ಪ್ರಶ್ನೆ ಇದು: ಇದರ ಕೆಳಗೆ ಇನ್ನೆಷ್ಟು ಚುಕ್ಕಿಗಳಿವೆ?

ಅವರು ಚುಕ್ಕಿ ಇಲ್ಲದ ಜಾಗಗಳನ್ನೂ ಬಿಡಲಿಲ್ಲ. ಪಂಪಿನ ಹತ್ತಿರದಲ್ಲೇ ಬಡವರ ಆಶ್ರಯಮನೆಯೊಂದಿತ್ತು. ಅಲ್ಲಿದ್ದ 535 ಜನರಲ್ಲಿ ಕಾಲರಾದಿಂದ ಸತ್ತವರು ಐದೇ ಮಂದಿ. ವಿಚಾರಿಸಿದಾಗ ಅಲ್ಲಿ ಸ್ವಂತ ಬಾವಿ ಇದ್ದದ್ದು ಗೊತ್ತಾಯಿತು. ಅದೇ ಬೀದಿಯ ಬಿಯರ್ ತಯಾರಿಸುವ ಕಾರ್ಖಾನೆಯ ಕೆಲಸಗಾರರಲ್ಲೂ ಯಾರೂ ಕಾಲರಾದಿಂದ ಸಾಯಲಿಲ್ಲ, ಅವರು ಬೀದಿಯ ಪಂಪಿಗೆ ಹೋಗುತ್ತಿರಲಿಲ್ಲ. ಇನ್ನೊಂದು ಕಡೆ, ಮೈಲುಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ಮಹಿಳೆ ಸತ್ತಿದ್ದರು. ಆ ಪಂಪಿನ ನೀರಿನ ರುಚಿ ಇಷ್ಟವೆಂದು ಅವರು ಅದನ್ನು ತರಿಸಿಕೊಂಡು ಕುಡಿಯುತ್ತಿದ್ದರು. ಗುಂಪಿಗೆ ಸೇರದ ಆ ಒಂದು ಸಾವು ಗುಂಪಿನಷ್ಟೇ ಬಲವಾದ ಸಾಕ್ಷಿಯಾಯಿತು. ಇದನ್ನೆಲ್ಲ ನಕ್ಷೆ ತಾನಾಗಿ ಹೇಳಲಿಲ್ಲ. ಮನೆಗೆ ಹೋಗಿ ಕೇಳಿದ್ದರಿಂದ ಗೊತ್ತಾಯಿತು.

ಇವತ್ತಿನ ಜಿಐಎಸ್ ಚುಕ್ಕಿಗಳ ಮೇಲೆ ಮಾಡುವ ಲೆಕ್ಕಗಳು ಹೆಚ್ಚಿನವು ಇದೇ ಜಾಡಿನವು. ಚುಕ್ಕಿ ಯಾವ ಆವರಣದೊಳಗಿದೆ ಎಂದು ನೋಡುವುದು ಮೊದಲನೆಯದು. ಇದಕ್ಕೊಂದು ಚಂದದ ಉಪಾಯವಿದೆ. ಚುಕ್ಕಿಯಿಂದ ಯಾವುದಾದರೂ ದಿಕ್ಕಿಗೆ ನೇರ ಗೆರೆ ಎಳೆದು, ಅದು ಗಡಿಯನ್ನು ಎಷ್ಟು ಸಲ ದಾಟುತ್ತದೆ ಎಂದು ಎಣಿಸಿ. ಬೆಸಸಂಖ್ಯೆ ಬಂದರೆ ಚುಕ್ಕಿ ಒಳಗಿದೆ, ಸಮಸಂಖ್ಯೆ ಬಂದರೆ ಹೊರಗಿದೆ. ಗಡಿ ಎಷ್ಟೇ ಅಂಕುಡೊಂಕಾಗಿದ್ದರೂ ಇದು ನಡೆಯುತ್ತದೆ. ಒಂದು ವಾರ್ಡಿನಲ್ಲಿ ಎಷ್ಟು ಅಪಘಾತ ಆಯಿತು ಎಂದು ಕಂಪ್ಯೂಟರ್ ಎಣಿಸುವುದು ಇಂಥ ಉಪಾಯದಿಂದಲೇ. ಹತ್ತಿರದ ಚುಕ್ಕಿ ಹುಡುಕುವುದು ಇನ್ನೊಂದು ಲೆಕ್ಕ. ಇಲ್ಲಿ ನೇರ ದೂರ ಬೇರೆ, ನಡೆಯುವ ದೂರ ಬೇರೆ. ಸ್ನೋ ಇದನ್ನೂ ಗಮನಿಸಿದ್ದರು. ಆಮೇಲಿನ ಒಂದು ನಕ್ಷೆಯಲ್ಲಿ, ಬ್ರಾಡ್ ಸ್ಟ್ರೀಟ್ ಪಂಪಿಗೂ ಸುತ್ತಲಿನ ಬೇರೆ ಪಂಪುಗಳಿಗೂ ಬೀದಿಯಲ್ಲಿ ನಡೆದರೆ ಸಮದೂರವಾಗುವ ಗೆರೆಯನ್ನು ಅವರು ಎಳೆದರು.

ಚುಕ್ಕಿಗಳು ಸಾವಿರಗಟ್ಟಲೆ ಆದಾಗ, ದಟ್ಟವಾಗಿರುವಲ್ಲಿ ಕೆಂಪು, ಕಡಿಮೆ ಇರುವಲ್ಲಿ ಹಳದಿ ಎಂದು ಬಣ್ಣದಲ್ಲಿ ತೋರಿಸುವ ಹೀಟ್‌ಮ್ಯಾಪ್ ಮಾಡುತ್ತಾರೆ. ಇಲ್ಲಿ ಎರಡು ವಿಷಯ ನೋಡಿಕೊಳ್ಳಬೇಕು. ಒಂದು ಚುಕ್ಕಿಯ ಪ್ರಭಾವ ಎಷ್ಟು ದೂರ ಹರಡಬೇಕು ಎಂದು ನಕ್ಷೆ ಮಾಡುವವರೇ ಆರಿಸುತ್ತಾರೆ. 200 ಮೀಟರ್ ಇಟ್ಟರೆ ಅಲ್ಲಲ್ಲಿ ಸಣ್ಣ ಕೆಂಪು ಮಚ್ಚೆಗಳು, 2 ಕಿಲೋಮೀಟರ್ ಇಟ್ಟರೆ ಊರೆಲ್ಲ ಕೆಂಪು. ಮಾಹಿತಿ ಅದೇ. ಎರಡನೆಯದು, ಜನ ಹೆಚ್ಚಿದ್ದಲ್ಲಿ ಎಲ್ಲವೂ ಹೆಚ್ಚಿರುತ್ತದೆ. ಕಾಯಿಲೆಯ ಹೀಟ್‌ಮ್ಯಾಪ್ ಎಷ್ಟೋ ಸಲ ಜನಸಂಖ್ಯೆಯ ನಕ್ಷೆಯೇ ಆಗಿರುತ್ತದೆ. ಸಾವಿರ ಜನರಿಗೆ ಎಷ್ಟು ಎಂದು ಭಾಗಿಸಿ ನೋಡದೆ "ಇಲ್ಲಿ ಅಪಾಯ ಜಾಸ್ತಿ" ಎನ್ನಲು ಬರುವುದಿಲ್ಲ.

## ಚುಕ್ಕಿಯ ಕೆಳಗೆ ಮನುಷ್ಯರಿದ್ದಾಗ

ಸ್ನೋ ನಕ್ಷೆಯ ಪ್ರತಿಯೊಂದು ಪಟ್ಟಿಯೂ ಒಂದು ಮನೆಯನ್ನು ತೋರಿಸುತ್ತಿತ್ತು. ಇವತ್ತು ರೋಗಿಗಳ ಮನೆಗಳನ್ನು ಹಾಗೆ ಚುಕ್ಕಿ ಇಟ್ಟು ಪ್ರಕಟಿಸಿದರೆ ಹೆಸರು ಬರೆಯದಿದ್ದರೂ ಯಾರೆಂದು ಅಕ್ಕಪಕ್ಕದವರಿಗೆ ಗೊತ್ತಾಗಿಬಿಡುತ್ತದೆ. ಓಡಾಟದ ಚುಕ್ಕಿಗಳು ಇನ್ನೂ ಸೂಕ್ಷ್ಮ. 15 ಲಕ್ಷ ಜನರ ಮೊಬೈಲ್ ಓಡಾಟದ ದಾಖಲೆಯನ್ನು ಹೆಸರಿಲ್ಲದೆ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎಲ್ಲಿ, ಯಾವ ಹೊತ್ತಿನಲ್ಲಿ ಎನ್ನುವ ನಾಲ್ಕೇ ಚುಕ್ಕಿಗಳು ಗೊತ್ತಿದ್ದರೆ, ನೂರರಲ್ಲಿ 95 ಜನರನ್ನು ಉಳಿದವರಿಂದ ಬೇರೆ ಮಾಡಿ ತೋರಿಸಬಹುದು ಎಂದು ಅದರಲ್ಲಿ ಕಂಡುಬಂತು. ಮನೆ ಮತ್ತು ಕೆಲಸದ ಜಾಗ ಎರಡು ಚುಕ್ಕಿ ಆಗಿಯೇ ಹೋಯಿತು.

ಇದಕ್ಕೆ ಪರಿಹಾರಗಳಿವೆ. ದಶಮಾಂಶ ಕತ್ತರಿಸಿ ಸಂಖ್ಯೆಯನ್ನು ಮೊಟಕು ಮಾಡಬಹುದು. ಚುಕ್ಕಿಯನ್ನು ಗೊತ್ತಾದ ದೂರದೊಳಗೆ ಎಲ್ಲಿಗಾದರೂ ಸರಿಸಬಹುದು. ಚುಕ್ಕಿ ತೋರಿಸುವುದನ್ನೇ ಬಿಟ್ಟು, ನಕ್ಷೆಯನ್ನು ಚೌಕಗಳಾಗಿ ಭಾಗ ಮಾಡಿ ಒಂದೊಂದರಲ್ಲಿ ಎಷ್ಟು ಎಂದು ಮಾತ್ರ ಹೇಳಬಹುದು. ಮನುಷ್ಯರ ವಿಷಯದಲ್ಲಿ ಕೊನೆಯದೇ ವಾಸಿ. ಸರಿಸಿದ ಚುಕ್ಕಿ ಸಂಬಂಧವಿಲ್ಲದ ಇನ್ನೊಬ್ಬರ ಮನೆಯ ಮೇಲೆ ಹೋಗಿ ಕೂರುತ್ತದೆ. ಕಾನ್ಸಾಸ್ ತೋಟದ ಮನೆಯವರಿಗೆ ಆದದ್ದು ಅವರಿಗೂ ಆಗಬಹುದು.

ಕಾಡಿನ ಪ್ರಾಣಿ, ಗಿಡಗಳಿಗೂ ಇದೇ ರಕ್ಷಣೆ ಬೇಕಾಗುತ್ತದೆ. ಅಪರೂಪದ ಆರ್ಕಿಡ್ ಎಲ್ಲಿದೆ ಎಂದು ಚುಕ್ಕಿ ಇಟ್ಟರೆ ಕೀಳುವವರಿಗೆ ದಾರಿ ತೋರಿಸಿದಂತೆ. ಜನ ತಾವು ನೋಡಿದ ಜೀವಿಗಳ ಫೋಟೋ ಹಾಕುವ ಐನ್ಯಾಚುರಲಿಸ್ಟ್‌ನಲ್ಲಿ ಅಳಿವಿನಂಚಿನ ಜೀವಿಗಳ ನಿಜವಾದ ಜಾಗ ಮರೆಮಾಡುತ್ತಾರೆ. ಅಕ್ಷಾಂಶ ರೇಖಾಂಶಗಳಲ್ಲಿ 0.2 ಡಿಗ್ರಿಯ ಒಂದು ಚೌಕ ತೆಗೆದುಕೊಂಡು, ಅದರೊಳಗೆ ಎಲ್ಲೋ ಒಂದು ಕಡೆ ಚುಕ್ಕಿ ತೋರಿಸುತ್ತಾರೆ. ಭೂಮಧ್ಯರೇಖೆಯ ಹತ್ತಿರ ಆ ಚೌಕದ ಒಂದು ಬದಿ ಸುಮಾರು 22 ಕಿಲೋಮೀಟರ್. ಇದು ಗೊತ್ತಿಲ್ಲದ ಸಂಶೋಧಕರು ಆ ಚುಕ್ಕಿಯನ್ನು ನಂಬಿ, ಬೆಟ್ಟದ ಕಪ್ಪೆ ಬಯಲಿನಲ್ಲಿ ಬದುಕುತ್ತದೆ ಎಂದು ತೀರ್ಮಾನಿಸಿಬಿಡಬಹುದು. ಅದಕ್ಕೇ ಜೀವಿಗಳ ಮಾಹಿತಿ ಹಂಚಿಕೊಳ್ಳಲು ಮಾಡಿಕೊಂಡಿರುವ ಡಾರ್ವಿನ್ ಕೋರ್ ಎಂಬ ಮಾದರಿಯಲ್ಲಿ ಅಕ್ಷಾಂಶ, ರೇಖಾಂಶದ ಜೊತೆಗೆ ಇನ್ನೊಂದು ಕಾಲಂ ಇದೆ: ನಿಜವಾದ ಜಾಗ ಈ ಬಿಂದುವಿನಿಂದ ಎಷ್ಟು ಮೀಟರ್ ಒಳಗೆ ಇರಬಹುದು ಎಂದು ಅದರಲ್ಲಿ ಬರೆಯುತ್ತಾರೆ. ಸಂಶೋಧಕರು ಆ ಕಾಲಂ ನೋಡಿ, ತಮ್ಮ ಪ್ರಶ್ನೆಗೆ ಸಾಲುವಷ್ಟು ಖಚಿತವಿಲ್ಲದ ಚುಕ್ಕಿಗಳನ್ನು ಪಕ್ಕಕ್ಕೆ ತೆಗೆದು, ಉಳಿದವುಗಳ ಮೇಲೆ ಲೆಕ್ಕ ಶುರುಮಾಡುತ್ತಾರೆ.